ಯಶವಂತಪುರದ ಆಫೀಸಿನಲ್ಲಿ ಕುರ್ಚಿ ಉಳಿಸಿಕೊಂಡ ಪರಿ

ಕೆಲಸ ಹೋದೀತು ಅನ್ನೋ ಭಯ ಒಂದು ಆಫೀಸಿನೊಳಗೆ ಕಾಲಿಟ್ಟರೆ ಸಾಕು, ಅಲ್ಲಿ ನಗೆಪಾಟಲಿನ ಸಂಗತಿಗಳು ಒಂದರ ಹಿಂದೆ ಒಂದು ತಾವಾಗಿಯೇ ನಡೆಯುತ್ತಾ ಹೋಗುತ್ತವೆ. ನಡೆಯುವಾಗ ಮಾತ್ರ ಯಾರಿಗೂ ನಗು ಬರೋದಿಲ್ಲ. ಎದೆ ಢವಢವ ಅನ್ನುತ್ತಿರುತ್ತೆ, ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯೋದಿಲ್ಲ. ನಗು ಬರೋದು ಎಷ್ಟೋ ವರ್ಷದ ಮೇಲೆ, ಹೀಗೆ ಕೂತು ನೆನೆಸಿಕೊಂಡಾಗ.

ನಾನು ಕೆಲಸಕ್ಕಿದ್ದದ್ದು ಯಶವಂತಪುರದಲ್ಲಿ, ರೈಲ್ವೆ ಸ್ಟೇಷನ್ನಿನಿಂದ ಸ್ವಲ್ಪ ದೂರದ ಒಂದು ಹಳೇ ಬಂಗಲೆಯಲ್ಲಿ. ಜನರ ಮನೆ, ಜಮೀನು ನೋಡಿಕೊಳ್ಳೋ ಕಂಪನಿ ಅದು. ಊರಲ್ಲಿಲ್ಲದ ಮಾಲೀಕರ ಮನೆಗಳಿಗೆ ಬಾಡಿಗೆದಾರರನ್ನು ಹುಡುಕೋದು, ಬಂದವರು ಏಳದೆ ಕೂತರೆ ಎಬ್ಬಿಸೋದು, ಜಮೀನು ಅಳೆಯೋದು, ಬೆಲೆ ಕಟ್ಟೋದು, ಸೈಟುಗಳ ನಕ್ಷೆ ಬರೆಯೋದು, ಇದೇ ನಮ್ಮ ಕಸುಬು. ನಾನು ಅಲ್ಲಿ ಸರ್ವೇಯರ್. ದಿನಾ ಯಲಹಂಕದಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದೆ.

ಕಂಪನಿ ಕಟ್ಟಿದವರು ಒಬ್ಬ ಇಂಗ್ಲಿಷ್ ದೊರೆ. ಸ್ವಾತಂತ್ರ್ಯ ಬಂದ ಮೇಲೂ ಕೆಲವು ವರ್ಷ ಇಲ್ಲೇ ಇದ್ದರು. ಆಮೇಲೆ ಒಂದು ದಿನ ಎಲ್ಲರ ಕೈ ಕುಲುಕಿ, ಕಂಪನಿಯನ್ನು ಬೊಂಬಾಯಿಯ ಒಂದು ದೊಡ್ಡ ಸಂಸ್ಥೆಗೆ ಮಾರಿ, ಹಡಗು ಹತ್ತಿಬಿಟ್ಟರು. ಬೊಂಬಾಯಿಯವರು ಹೊಸ ಮ್ಯಾನೇಜರನ್ನು ಕಳಿಸಿದರು. ಅವರ ಅಪ್ಪ ಅಮ್ಮ ಕನ್ನಡದವರೇ. ಆದರೆ ಬೆಳೆದದ್ದು ಬೊಂಬಾಯಿಯಲ್ಲಾದ್ದರಿಂದ ಅವರು ಮಾತಾಡಿದರೆ ಪಠ್ಯಪುಸ್ತಕ ಓದಿದ ಹಾಗಿರುತ್ತಿತ್ತು. ಮನುಷ್ಯ ಕೆಟ್ಟವರಲ್ಲ. ಆದರೆ ಅವರು ಬಂದದ್ದೇ ಆಫೀಸನ್ನು ಹೊಸದಾಗಿ ಏರ್ಪಡಿಸಿ ಜನ ಕಡಿಮೆ ಮಾಡೋಕೆ ಅನ್ನೋದು ಅವರ ಪೆಟ್ಟಿಗೆ ಇಳಿಸೋ ಮುಂಚೆಯೇ ನಮಗೆಲ್ಲ ಗೊತ್ತಾಗಿತ್ತು.

ಒಂದು ಹೊಸ ಮಾತು

ಮ್ಯಾನೇಜರು ಬಂದ ವಾರವೇ ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ನೋಟೀಸು ಅಂಟಿಸಿದರು. ನಮ್ಮ ಹೆಡ್ ಗುಮಾಸ್ತರು ಮುಚ್ಚುಕೋಟು, ಕಚ್ಚೆಪಂಚೆ, ಕರೀ ಟೋಪಿಯ ಹಳೇ ಕಾಲದವರು. ಕನ್ನಡಕ ಏರಿಸಿಕೊಂಡು ಓದಿದರು. ಓದುತ್ತಾ ಓದುತ್ತಾ ಅವರ ಮುಖ ಬಿಳಿಚಿಕೊಂಡಿತು.

"ರಿಟ್ರೆಂಚ್‌ಮೆಂಟ್ ಮಾಡ್ತಾರಂತೆ ಕಣ್ರಯ್ಯಾ," ಅಂದರು. ಆ ಮಾತು ನಾವು ಅಲ್ಲಿವರೆಗೂ ಪತ್ರಿಕೆಯಲ್ಲಿ ಮಾತ್ರ ಓದಿದ್ದು. ನಾವೆಲ್ಲ ನಮ್ಮ ನಮ್ಮ ಮೇಜಿಗೆ ಹೋಗಿ ಕೂತೆವು.

ಖುಷಿಪಟ್ಟವನು ಒಬ್ಬನೇ, ಸರ್ವೇ ಸರಪಳಿ ಎಳೆಯೋ ನಮ್ಮ ಆಳು. ಜಾಲಹಳ್ಳಿ ಹತ್ತಿರದ ಹಳ್ಳಿಯವನು, ದೊರೆ ಕಾಲದಿಂದಲೂ ಇದ್ದವನು. ಮಾರನೇ ದಿನ ಬೆಳಿಗ್ಗೆ ನೋಡಿದರೆ ಹೆಗಲ ಮೇಲೆ ಗುದ್ದಲಿ, ಸನಿಕೆ ಇಟ್ಟುಕೊಂಡು ವರಾಂಡದಲ್ಲಿ ನಿಂತಿದ್ದಾನೆ.

"ಇದೇನಯ್ಯಾ?" ಅಂದೆ.

"ನೋಟೀಸು ಆಕವ್ರಲ್ಲ ಸ್ವಾಮಿ. ಟ್ರೆಂಚು ಅಂದ್ರೆ ಹಳ್ಳ ತೋಡಾದು ತಾನೆ? ಲೇಔಟ್ ಮಾಡ್ವಾಗ ದೊರೆಗ್ಳು ತೋಡ್ಸ್ತಿದ್ರಲ್ಲ, ಅದೇಯಾ. ರೀ ಅಂದ್ರೆ ಇನ್ನೊಂದ್ ಕಿತಾ. ಮತ್ತೆ ತೋಡ್ಬೇಕು ಅಂತ ಬರೆದವ್ರೆ ಅಂತ ಟೈಪಿಸ್ಟಪ್ಪ ಬಿಡಿಸಿ ಯೋಳಿದ್ರು. ಅದ್ಕೇ ಮನೆಯಿಂದ್ಲೇ ಗುದ್ದಲಿ ತಂದೆ."

ನನಗೆ ಅವನ ಮುಖ ನೋಡೋಕೆ ಆಗಲಿಲ್ಲ. ಪಕ್ಕಕ್ಕೆ ಕರೆದುಕೊಂಡು ಹೋಗಿ, ಆ ಮಾತಿಗೆ ಅರ್ಥ ಅದಲ್ಲ, ಕೆಲಸದವರನ್ನ ಕಡಿಮೆ ಮಾಡೋದು ಅಂತ ನಿಧಾನವಾಗಿ ಹೇಳಿದೆ. ಅವನು ಗುದ್ದಲಿ ಕೆಳಗಿಟ್ಟ. ಆಮೇಲೆ ಹೇಳಿದ:

"ಅಂಗಾರೆ ನಾ ತಿಳ್ಕಂಡಿದ್ದೂ ತಪ್ಪಲ್ಲ ಬುಡಿ ಸ್ವಾಮಿ. ಹಳ್ಳ ತೋಡಾದಂತೂ ದಿಟ. ಯಾರ್‍ನ ಊಣಾಕೆ ಅಂತ ಒಂದೇಯಾ ಗೊತ್ತಾಗ್ಬೇಕಾಗಿರಾದು."

ನೀರಿನ ಸೌಕರ್ಯ

ಮ್ಯಾನೇಜರಿಗೆ ಒಂದು ಅಭ್ಯಾಸ ಇತ್ತು. ಮೆತ್ತನೆ ಅಡಿಯ ಬೂಟು ಹಾಕಿಕೊಂಡು ಸದ್ದಿಲ್ಲದೆ ಬಂದು ಬೆನ್ನ ಹಿಂದೆ ನಿಲ್ಲುತ್ತಿದ್ದರು. ಸುಮ್ಮನೆ ಕೂತವರು ಕಣ್ಣಿಗೆ ಬಿದ್ದರೆ ಅವರ ಕಥೆ ಮುಗಿದಂತೆಯೇ ಅಂತ ನಾವು ತಿಳಿದಿದ್ದೆವು. ಹಾಗಾಗಿ ಕೆಲಸ ಇರಲಿ ಬಿಡಲಿ ಎಲ್ಲರೂ ತಲೆ ಬಗ್ಗಿಸಿಕೊಂಡು ಏನೋ ಒಂದು ಬರೆಯುತ್ತಲೇ ಇದ್ದೆವು. ಹೆಡ್ ಗುಮಾಸ್ತರು ಹಳೇ ಕಾಗದಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಟೈಪಿಸ್ಟು ತನ್ನ ತಂಗಿಯ ಮದುವೆಯ ಅಡಿಗೆ ಸಾಮಾನೆಲ್ಲ ಅಚ್ಚುಕಟ್ಟಾಗಿ ಇಂಗ್ಲಿಷಿನಲ್ಲಿ ಟೈಪು ಮಾಡಿದ್ದ.

ಎಲ್ಲರಿಗಿಂತ ಕಷ್ಟ ನಮ್ಮ ನಕ್ಷೆಗಾರನದ್ದು. ದೊರೆ ಹೋದ ಮೇಲೆ ಹೊಸ ಲೇಔಟಿನ ಕೆಲಸವೇ ಬಂದಿರಲಿಲ್ಲ. ಅಷ್ಟು ದೊಡ್ಡ ಹಲಗೆಯ ಮುಂದೆ ಬರೀ ಕೈಯಲ್ಲಿ ಕೂತರೆ ದೂರಕ್ಕೂ ಕಾಣುತ್ತೆ. ಪಾಪ, ಅವನಿಗೆ ಮೂರು ಮಕ್ಕಳು. ಭಯಕ್ಕೆ ಬಿದ್ದು ಅವನೇ ಮನಸ್ಸಿನಿಂದ ಒಂದು ಬಡಾವಣೆ ಬರೆಯೋಕೆ ಶುರು ಮಾಡಿದ. ದಿನಾ ಬಂದು ಒಂದೊಂದು ರಸ್ತೆ ಸೇರಿಸುತ್ತಿದ್ದ. ಆಮೇಲೆ ಪಾರ್ಕು ಬಂತು. ಪಾರ್ಕಿನ ಪಕ್ಕ ಶಾಲೆ, ಅದರಾಚೆ ಒಂದು ಗುಡಿ. ಬಣ್ಣ ಬೇರೆ ತುಂಬಿದ. ನಿಜ ಹೇಳಬೇಕಂದರೆ ಅಷ್ಟು ಚೆಂದದ ನಕ್ಷೆ ಅವನು ಸಂಬಳಕ್ಕೆ ಯಾವತ್ತೂ ಬರೆದಿರಲಿಲ್ಲ.

ಒಂದು ದಿನ ಬೆನ್ನ ಹಿಂದೆ ಧ್ವನಿ ಕೇಳಿತು. "ಬಹಳ ಸುಂದರವಾಗಿದೆ. ಇದು ಯಾವ ಸ್ಥಳ?"

ನಕ್ಷೆಗಾರ ತಲೆ ಎತ್ತಿದ. ಎದುರು ಗೋಡೆಯಲ್ಲಿ ಊರಿನ ಹಳೇ ನಕ್ಷೆ ನೇತುಹಾಕಿತ್ತು. ಅದರಲ್ಲಿ ಕಣ್ಣಿಗೆ ಬಿದ್ದ ದೊಡ್ಡ ಖಾಲಿ ಜಾಗದ ಹೆಸರು ಹೇಳಿಬಿಟ್ಟ. "ಹೆ... ಹೆಬ್ಬಾಳ ಸಾರ್."

"ಒಳ್ಳೆಯದು. ನಾಳೆ ಬೆಳಿಗ್ಗೆ ಹೋಗಿ ನೋಡೋಣ."

ಮಾರನೇ ದಿನ ಜಟಕಾದಲ್ಲಿ ಮ್ಯಾನೇಜರು, ನಕ್ಷೆಗಾರ, ನಾನು. ದಾರಿಯುದ್ದಕ್ಕೂ ನಕ್ಷೆಗಾರ ನನ್ನ ತೊಡೆ ಚಿವುಟುತ್ತಿದ್ದ. ನಾನಾದರೂ ಏನು ಮಾಡಲಿ? ಬಾಯಿ ಬಿಟ್ಟರೆ ಇಬ್ಬರ ಕೆಲಸವೂ ಹೋಗುತ್ತೆ. ಮ್ಯಾನೇಜರು ಮಾತ್ರ ನಕ್ಷೆ ಬಿಚ್ಚಿಕೊಂಡು ಖುಷಿಯಾಗಿದ್ದರು. ರಸ್ತೆ ಅಗಲ ಸಾಕೇ ಅಂದರು. ಬಸ್ಸು ಬರುತ್ತದೆಯೇ ಅಂದರು. ನಕ್ಷೆಗಾರ ಎಲ್ಲದಕ್ಕೂ ಹೂಂ ಹೂಂ ಅಂದ. ಏರಿ ಹತ್ತಿ ಜಟಕಾ ನಿಂತಿತು. ಮುಂದೆ ಹೆಬ್ಬಾಳದ ಕೆರೆ, ಆ ವರ್ಷದ ಮಳೆಗೆ ತುಂಬಿ ಅಲೆ ಹೊಡೆಯುತ್ತಿತ್ತು. ಅವನು ಬರೆದಿದ್ದ ಪಾರ್ಕಿನ ಮೇಲೆ ಬಾತುಕೋಳಿ ಈಜುತ್ತಿದ್ದವು.

ಮ್ಯಾನೇಜರಿಗೆ ಇನ್ನೂ ಗೊತ್ತಾಗಿಲ್ಲ. ಬಡಾವಣೆ ಕೆರೆಯಾಚೆ ಇರಬೇಕು ಅಂದುಕೊಂಡು, ನಕ್ಷೆ ನೋಡುತ್ತಲೇ ಕೇಳಿದರು: "ಎಲ್ಲವೂ ಸರಿ. ಇಲ್ಲಿ ನೀರಿನ ಸೌಕರ್ಯ ಹೇಗೆ?"

ನಕ್ಷೆಗಾರ ಕೈ ಮುಗಿದ. "ಬೇರೆ ಸೌಕರ್ಯ ಯಾವ್ದೂ ಇಲ್ಲ ಸಾರ್. ಅದೊಂದೇ ಇರೋದು."

ಯಲಹಂಕದ್ದು

ಅವನ ಕೆಲಸ ಅವತ್ತೇನೂ ಹೋಗಲಿಲ್ಲ. ಮ್ಯಾನೇಜರು ವಾಪಸ್ ಬರುವಾಗ ಒಂದು ಮಾತೂ ಆಡಲಿಲ್ಲ, ಅಷ್ಟೆ. ಅದು ಇನ್ನೂ ಭಯಂಕರ. ಮುಂದಿನ ಸರದಿ ಯಾರದ್ದೋ ಅಂತ ನಾವೆಲ್ಲ ಕಾಯುತ್ತಾ ಕೂತೆವು.

ಆ ದಿನಗಳಲ್ಲೇ ನನ್ನ ಮದುವೆ ಮಾತು ನಡೆದಿತ್ತು. ಹೆಣ್ಣು ಹುಣಸಮಾರನಹಳ್ಳಿಯದ್ದು, ಬೇಸಾಯದ ಮನೆತನ. ನನಗೆ ಆಗಲೇ ಮುಂದಲೆ ಕೂದಲು ಹೋಗಿ ಹಣೆ ಎಲ್ಲಿ ಮುಗಿಯುತ್ತೆ ಅನ್ನೋದು ಗೊತ್ತಾಗದ ಸ್ಥಿತಿ. ಆದರೂ ಹುಡುಗಿಯ ಕಡೆಯವರು ಒಪ್ಪಿದ್ದರು. ಹುಡುಗಿಯ ತಂದೆಗೆ ಉಳಿದಿದ್ದ ಅನುಮಾನ ಒಂದೇ. ಕಂಪನಿ ಕೆಲಸ, ಇವತ್ತಿದ್ದು ನಾಳೆ ಇಲ್ಲದಿದ್ದರೆ? ಯಾರಿಗೂ ಹೇಳದೆ ಒಂದು ದಿನ ಸೀದಾ ನಮ್ಮ ಆಫೀಸಿಗೇ ಬಂದುಬಿಟ್ಟರು.

ನಾನು ಆಗ ಹೊರಗೆ ಅಳತೆಗೆ ಹೋಗಿದ್ದೆ. ಅವರು ಮ್ಯಾನೇಜರ ಕೋಣೆಗೇ ಹೋಗಿ ಕೂತರು. ಮ್ಯಾನೇಜರ ಹತ್ತಿರ ರುಮಾಲು ಸುತ್ತಿದ ಗೌಡರು ಬರುತ್ತಿದ್ದದ್ದೇ ಜಮೀನು ಕೊಡೋಕೆ ಅಥವಾ ಕೊಳ್ಳೋಕೆ. ಮುಂದೆ ನಡೆದದ್ದನ್ನು ಅಲ್ಲೇ ಮೂಲೆಯಲ್ಲಿದ್ದ ಟೈಪಿಸ್ಟು ನನಗೆ ಆಮೇಲೆ ಹೇಳಿದ್ದು.

ಗೌಡರಿಗೆ ಸಂಕೋಚ. ಗಂಡಿನ ವಿಚಾರ ಅಂತ ಬಾಯಿ ಬಿಟ್ಟು ಹೇಳದೆ ಸುತ್ತಿ ಬಳಸಿ ಶುರು ಮಾಡಿದರು. "ನಿಮ್ತಾವ ಯಲಹಂಕದ್ದೊಂದು ಐತಲ್ಲ ಸ್ವಾಮಿ, ನಮ್ಗೆ ಒಪ್ಗೆ ಆಗೈತೆ. ಗಟ್ಟಿನಾ ಅಂತ ಒಂದ್ ಮಾತು ಕೇಳ್ಕಂಡೋಗಾನ ಅಂತ ಬಂದೆ."

ಯಲಹಂಕದಲ್ಲಿ ಕಂಪನಿಯ ಕೈಲಿ ಮಾರಾಟಕ್ಕಿದ್ದ ಒಂದು ಸೈಟಿತ್ತು. ಮ್ಯಾನೇಜರು ಉತ್ಸಾಹದಿಂದ, "ಗಟ್ಟಿಯಾಗಿದೆ. ಯಾವ ಅನುಮಾನವೂ ಬೇಡ," ಅಂದರು.

"ಮುಂದ್ಗಡೆ ವಸಿ ಬಯಲಾಗೈತೆ. ನಮ್ ಹೆಂಗಸ್ರು ಅದೊಂದ್ ಮಾತು ಆಡ್ಕಂಡ್ರು."

"ಮುಂದೆ ಬಯಲಿರುವುದು ಒಳ್ಳೆಯದೇ ಅಲ್ಲವೇ? ಗಾಳಿ ಬೆಳಕು ಚೆನ್ನಾಗಿ ಬರುತ್ತದೆ."

ಗೌಡರಿಗೆ ಈ ವಿವರಣೆ ಸ್ವಲ್ಪ ಹೊಸದು ಅನಿಸಿತಂತೆ. ಆದರೂ ತಲೆಯಾಡಿಸಿ, "ತಂಟೆ ತಕರಾರು ಏನೂ ಇಲ್ಲ ತಾನೆ?" ಅಂದರು.

"ಪಕ್ಕದ ಮನೆಯಾಕೆಯ ಜೊತೆ ಒಂದಿತ್ತು. ಆಕೆ ಬೇಲಿ ದಾಟಿ ಒಳಗೆ ಬಂದುಬಿಟ್ಟಿದ್ದರು. ಬೇಕೆಂದು ಮಾಡಿದ್ದಲ್ಲ, ಪಾಪ. ನಾವೇ ಮಾತಾಡಿ ಬಗೆಹರಿಸಿದೆವು."

ಗೌಡರು ರುಮಾಲು ತೆಗೆದು ಬೆವರು ಒರೆಸಿಕೊಂಡರು. "ಬೇಲಿ ದಾಟ್ಕಂಡಾ? ಎಷ್ಟ್ ದಿನ ಇದ್ರು ಒಳ್ಗೆ?"

"ಕೆಲವು ತಿಂಗಳು. ಹಸುವನ್ನೂ ತಂದು ಕಟ್ಟಿಕೊಂಡಿದ್ದರು."

ಅಷ್ಟು ಹೊತ್ತಿಗೆ ನಾನು ಬಿಸಿಲಲ್ಲಿ ಬೆಂದು ಒಳಗೆ ಬಂದೆ. ಮ್ಯಾನೇಜರ ಕೋಣೆಯ ಅರ್ಧ ಬಾಗಿಲಿನಾಚೆ ಗೌಡರು ಕೂತಿದ್ದರು. ನನ್ನ ಕಿವಿಗೆ ಬಿದ್ದದ್ದು ಮ್ಯಾನೇಜರ ಕೊನೇ ಮಾತು: "ಬೇಗ ತೀರ್ಮಾನ ಮಾಡಿ ಗೌಡರೇ. ಯಲಹಂಕದ್ದನ್ನು ಇಟ್ಟುಕೊಂಡು ನಮಗೇನೂ ಪ್ರಯೋಜನವಿಲ್ಲ. ಈ ತಿಂಗಳಲ್ಲೇ ವಿಲೇವಾರಿ ಮಾಡಬೇಕೆಂದು ಬೊಂಬಾಯಿಯ ಅಪ್ಪಣೆಯಾಗಿದೆ."

ಆಫೀಸಿಗೆ ಯಲಹಂಕದಿಂದ ಬರುತ್ತಿದ್ದವನು ನಾನೊಬ್ಬನೇ. ಅಲ್ಲೇ ಬೆಂಚಿನ ಮೇಲೆ ಕೂತೆ. ಕೆಲಸ ಹೋಯಿತು, ಅದೂ ಹುಡುಗಿಯ ತಂದೆಯ ಮುಂದೆಯೇ! ಬಾಗಿಲು ತೆಗೆದು ಹೊರಗೆ ಬಂದ ಗೌಡರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಎದ್ದು ನಿಂತು, "ಎಲ್ಲಾ ಕೇಳಿಸ್ಕೊಂಡೆ ಗೌಡ್ರೇ. ಕೆಲ್ಸದ್ದು ಹೀಗಾಯ್ತು. ನೀವು ಹೇಗ್ ಹೇಳ್ತೀರೋ ಹಾಗೆ," ಅಂದೆ.

"ಕೆಲ್ಸದ್ದು ಆಮ್ಯಾಕಿರ್ಲಿ ಕಣಪ್ಪಾ," ಅಂದರು ಗೌಡರು. "ಮೊದ್ಲು ಆ ಅಸಾ ಕಟ್ಟಿದ್ದೋಳು ಯಾರು ಅಂತ ಯೋಳು."

ರಜೆ ಇಲ್ಲದ ಕಾಯಿಲೆ

ಮದುವೆಯೇನೋ ಆಯಿತು. ಟೈಪಿಸ್ಟು ಹುಣಸಮಾರನಹಳ್ಳಿಗೇ ಬಂದು ಇದ್ದ ವಿಷಯ ವಿವರಿಸಬೇಕಾಯಿತು, ಅದು ಬೇರೆ ಮಾತು. ಮದುವೆಗೆ ನಾನು ಹಾಕಿದ್ದು ಒಂದೇ ದಿನದ ರಜೆ. ಮಾರನೇ ದಿನ ಕೈಯಲ್ಲಿ ಕಂಕಣ ಕಟ್ಟಿಕೊಂಡೇ ಆಫೀಸಿಗೆ ಬಂದೆ. ಯಾಕಂದರೆ ಹೆಡ್ ಗುಮಾಸ್ತರು ಒಂದು ಮಾತು ಹಬ್ಬಿಸಿದ್ದರು. "ರಜೆ ಹಾಕಿದವನ ಕುರ್ಚಿ ಖಾಲಿ ಕಾಣುತ್ತೆ. ಕುರ್ಚಿ ಖಾಲಿ ಇದ್ದೂ ಕೆಲಸ ನಡೀತು ಅಂದರೆ, ಆ ಕುರ್ಚಿ ಯಾತಕ್ಕೆ ಅಂತ ಕೇಳ್ತಾರೆ."

ಅಲ್ಲಿಂದ ಯಾರೂ ರಜೆ ಹಾಕಲಿಲ್ಲ. ಟೈಪಿಸ್ಟಿಗೆ ಒಂದು ದಿನ ಕಿವಿಯ ಕೆಳಗೆ ಊದಿಕೊಂಡಿತು. ಮಂಗನ ಬಾವು. ನೋಡಿದ ಕೂಡಲೇ ಯಾರಿಗಾದರೂ ಗೊತ್ತಾಗುತ್ತೆ. ಮನೆಯವರು ಹೋಗಬೇಡ ಅಂದರೂ ಕೇಳದೆ, ಬೇಸಿಗೆಯಲ್ಲಿ ಉಣ್ಣೆ ಮಫ್ಲರು ಸುತ್ತಿಕೊಂಡು ಬಂದು ಕೂತ. ಯಾಕೆ ಅಂತ ಕೇಳಿದರೆ ಬಾಯಿ ತೆರೆಯೋಕಾಗದೆ, "ಚಳಿ" ಅಂತ ಟೈಪು ಮಾಡಿ ತೋರಿಸಿದ. ಮುಂದಿನ ವಾರಗಳಲ್ಲಿ ನಕ್ಷೆಗಾರನೂ ಮಫ್ಲರು ಸುತ್ತಿಕೊಂಡು ಬಂದ. ಆಮೇಲೆ ನಾನು. ಕೊನೆಗೆ ಹೆಡ್ ಗುಮಾಸ್ತರು, ಆ ವಯಸ್ಸಿನಲ್ಲಿ, ಟೋಪಿಯ ಮೇಲೆ ಹೆಂಡತಿಯ ಶಾಲು ಕಟ್ಟಿಕೊಂಡು. ಒಬ್ಬರ ಮುಖ ಒಬ್ಬರು ನೋಡೋ ಹಾಗಿಲ್ಲ. ಬಂದ ಕಕ್ಷಿಗಾರರು ಬಾಗಿಲಲ್ಲೇ ನಿಂತು ಹಿಂದಕ್ಕೆ ಹೋಗುತ್ತಿದ್ದರು.

ಒಂದು ಸೋಮವಾರ ಮ್ಯಾನೇಜರು ನಮ್ಮನ್ನೆಲ್ಲ ಕೋಣೆಗೆ ಕರೆಸಿದರು. ಮೊದಲ ಪಟ್ಟಿಯ ಹೆಸರುಗಳನ್ನು ಅವತ್ತೇ ಹೇಳುತ್ತಾರೆ ಅಂತ ಸುದ್ದಿ ಇತ್ತು. ಸಾಲಾಗಿ ನಿಂತೆವು. ಮ್ಯಾನೇಜರು ತಲೆ ಎತ್ತಿದರು. ಅವರ ಕೊರಳಲ್ಲೂ ಮಫ್ಲರು! ಕೆನ್ನೆ ಎರಡೂ ಪೂರಿಯ ಹಾಗೆ ಉಬ್ಬಿದ್ದವು. ಏನೋ ಹೇಳೋಕೆ ಹೊರಟು "ಊಂ, ಊಂ" ಅಂದು, ನೋವಿಗೆ ಕಣ್ಣಲ್ಲಿ ನೀರು ತಂದುಕೊಂಡು, ಹೋಗಿ ಅಂತ ಕೈಸನ್ನೆ ಮಾಡಿದರು.

ಹೊರಗೆ ಬಂದ ಹೆಡ್ ಗುಮಾಸ್ತರು ಶಾಲು ಬಿಗಿ ಮಾಡಿಕೊಳ್ಳುತ್ತಾ ಪಿಸುಗುಟ್ಟಿದರು: "ದೇವರು ದೊಡ್ಡವನು ಕಣ್ರಯ್ಯಾ. ಅವರಿಗೆ ವಾಸಿ ಆಗೋವರೆಗೂ ನಾವು ಕ್ಷೇಮ."

ಜಕ್ಕೂರಿನಲ್ಲಿ ಹೇಳದೆ ಉಳಿದ ಮಾತು

ವಾಸಿಯಾಯಿತು. ವಾಸಿಯಾದ ಮೇಲೆ ಮೊದಲನೇ ಹೆಸರೂ ಬಂತು. ಅದು ಸರಪಳಿಯ ಆಳಿನದ್ದು. ಹೊರಗಿನ ಅಳತೆ ಕೆಲಸ ಕಡಿಮೆ, ಬೇಕಾದಾಗ ಕೂಲಿಯವರನ್ನು ಕರೆದರಾಯಿತು ಅಂತ ಬೊಂಬಾಯಿಯ ವಾದ. ಮ್ಯಾನೇಜರು ನನ್ನನ್ನು ಕರೆದು, "ನೀವು ಬಹುಕಾಲದಿಂದ ಅವನ ಜೊತೆ ಕೆಲಸ ಮಾಡಿದವರು. ನೀವೇ ಹೇಳಿದರೆ ಅವನಿಗೆ ನೋವು ಕಡಿಮೆ," ಅಂದರು. ನನಗಾಗೋ ನೋವಿನ ಬಗ್ಗೆ ಏನೂ ಹೇಳಲಿಲ್ಲ.

ಅವತ್ತು ಜಕ್ಕೂರಿನಲ್ಲಿ ಒಂದು ಜಮೀನಿನ ಅಳತೆ ಇತ್ತು. ಅಲ್ಲೇ ಹೇಳೋಣ, ಬಯಲಲ್ಲಿ ಯಾರೂ ಇರೋದಿಲ್ಲ ಅಂದುಕೊಂಡೆ. ಹೋಗುವಾಗ ದಾರಿಯ ಹೋಟೆಲಿನಲ್ಲಿ ಅವನಿಗೆ ಎರಡು ಇಡ್ಲಿ, ಕಾಫಿ ಕೊಡಿಸಿದೆ. ಅವನು ನನ್ನ ಮುಖವನ್ನೇ ನೋಡುತ್ತಾ ತಿಂದ.

ಜಮೀನು ಇದ್ದದ್ದು ವಿಮಾನ ಹಾರಿಸೋದು ಕಲಿಯೋರ ಮೈದಾನದ ಪಕ್ಕಕ್ಕೇ. ಅವನು ಸರಪಳಿಯ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ಧೈರ್ಯ ತಂದುಕೊಂಡು, "ನೋಡಪ್ಪಾ, ಮ್ಯಾನೇಜರು ಒಂದ್ ಮಾತು ಹೇಳಿದ್ದಾರೆ," ಅಂದೆ. ಅಷ್ಟರಲ್ಲಿ ಒಂದು ಪುಟ್ಟ ವಿಮಾನ ತಲೆಯ ಮೇಲೆ ಗರ್ರ್ ಅಂತ ಹಾದುಹೋಯಿತು. ಅವನು ಕಿವಿಗೆ ಕೈ ಇಟ್ಟು, "ಆಂ?" ಅಂದ. ಕಾದೆ. ಸದ್ದು ನಿಂತಿತು. ಮತ್ತೆ ಬಾಯಿ ತೆರೆದೆ. ಅದೇ ವಿಮಾನ ಸುತ್ತು ಹೊಡೆದು ವಾಪಸ್ ಬಂತು. ಯಾರೋ ಹೊಸದಾಗಿ ಇಳಿಸೋದು ಕಲಿಯುತ್ತಿದ್ದರು ಅಂತ ಕಾಣುತ್ತೆ. ಇಳಿದ ಹಾಗೆ ಮಾಡಿ ಮತ್ತೆ ಏರುತ್ತಿದ್ದರು. ನನ್ನ ಮಾತೂ ಅದೇ ತರಹ, ತುಟಿವರೆಗೆ ಬಂದು ಹಿಂದಕ್ಕೆ ಹೋಗುತ್ತಿತ್ತು.

ಹೊತ್ತು ಇಳಿಯಿತು. ಅಳತೆ ಮುಗಿಯಿತು. ಅವನು ಸರಪಳಿಯನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ, ಮಡಿಸಿ, ಮಗುವನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ನನಗೆ ಕೊಟ್ಟ. ದಿನಾ ಅದನ್ನು ಹೊತ್ತುಕೊಂಡು ಬರುತ್ತಿದ್ದವನು ಅವನೇ.

"ತಕ್ಕಳಿ ಸ್ವಾಮಿ. ಆಫೀಸ್ಗೆ ನೀವೇ ತಲುಪ್ಸಿ."

"ಯಾಕಯ್ಯಾ?"

"ನಂಗೆ ಗೊತ್ತು ಬುಡಿ. ಬೆಳಿಗ್ಗೇನೇ ಗೊತ್ತಾಯ್ತು."

"ಯಾರು ಹೇಳಿದ್ರು?"

"ಯಾರೂ ಯೋಳ್ಲಿಲ್ಲ. ಹೋಟ್ಲಾಗೆ ಕುಂಡ್ರಿಸಿ ಕಾಪಿ ಕೊಡ್ಸಿದ್ರಲ್ಲ. ಇಷ್ಟ್ ವರ್ಸದಾಗೆ ನೀವು ನಂಗೆ ಒಂದ್ ಬೀಡಿ ಕೂಡ ಕೊಡ್ಸಿದೋರಲ್ಲ."

ನಾನು ತಲೆ ತಗ್ಗಿಸಿದೆ. ಅವನೇ ನನ್ನ ಭುಜ ತಟ್ಟಿದ. ಜಾಲಹಳ್ಳಿಯ ಹೊಸ ಫ್ಯಾಕ್ಟರಿಯಲ್ಲಿ ಅವನ ಅಳಿಯ ಮೊದಲೇ ಮಾತಾಡಿ ಇಟ್ಟಿದ್ದನಂತೆ, ಮುಂದಿನ ತಿಂಗಳಿನಿಂದ ಕೆಲಸ, ಖಾಕಿ ಉಡುಪು, ಕರೆದುಕೊಂಡು ಹೋಗೋಕೆ ಬಸ್ಸು. ಇದನ್ನೆಲ್ಲ ಹೇಳಿ, ಹೊರಡುವಾಗ ತಿರುಗಿ ನಿಂತು ಕೇಳಿದ:

"ನಿಮ್ಗೆ ಯಾರಾನ ಕಾಪಿ ಕೊಡ್ಸಿದ್ರೆ ಯೋಳಿ ಕಳ್ಸಿ ಸ್ವಾಮಿ. ಅಲ್ಲಿ ಇನ್ನೂ ಜನ ಬೇಕಂತೆ."

ತಂಟೆಕೋರ ಬಾಡಿಗೆದಾರರು

ನಕ್ಷೆಗಾರ ತಾನಾಗಿಯೇ ಒಂದು ಸರ್ಕಾರಿ ಕೆಲಸ ಹುಡುಕಿಕೊಂಡು ಹೋದ. ಇನ್ನೂ ಕೆಲವರನ್ನು ಕಳಿಸಿದರು. ಇಸವಿ ಅರವತ್ತು ದಾಟುವ ಹೊತ್ತಿಗೆ ಅಷ್ಟು ದೊಡ್ಡ ಬಂಗಲೆಯಲ್ಲಿ ಉಳಿದವರು ಮ್ಯಾನೇಜರು, ಹೆಡ್ ಗುಮಾಸ್ತರು, ಟೈಪಿಸ್ಟು ಮತ್ತು ನಾನು. ಖಾಲಿ ಮೇಜುಗಳ ನಡುವೆ ಕೆಮ್ಮಿದರೆ ಪ್ರತಿಧ್ವನಿ ಬರುತ್ತಿತ್ತು.

ಆ ಬಂಗಲೆ ನಮ್ಮದಲ್ಲ. ಮಲ್ಲೇಶ್ವರದ ಒಬ್ಬ ವಯಸ್ಸಾದ ಹೆಂಗಸಿನದ್ದು. ಆಕೆಯ ಯಜಮಾನರು ದೊರೆಯ ಸ್ನೇಹಿತರು. ತಮ್ಮ ಮನೆಗಳನ್ನೆಲ್ಲ ನೋಡಿಕೊಳ್ಳೋಕೆ ನಮ್ಮ ಕಂಪನಿಗೆ ಒಪ್ಪಿಸಿದ್ದರು. ಅದರಲ್ಲಿ ಈ ಬಂಗಲೆಯೂ ಒಂದು. ಅಂದರೆ ಬಂಗಲೆಯಲ್ಲಿದ್ದ ಬಾಡಿಗೆದಾರರೂ ನಾವೇ, ಬಾಡಿಗೆದಾರರನ್ನು ನೋಡಿಕೊಳ್ಳಬೇಕಾದವರೂ ನಾವೇ. ದೊರೆ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ.

ಒಂದು ದಿನ ಆಕೆ ಕೊಡೆ ಊರಿಕೊಂಡು ಬಂದು ಹೆಡ್ ಗುಮಾಸ್ತರ ಎದುರು ಕೂತರು. "ನನ್ನ ಮಗಳ ಸಂಸಾರ ಇಲ್ಲಿಗೇ ಬರ್ತಿದೆ. ಬಂಗಲೆ ಬಿಡಿಸಿಕೊಡಿ."

ಹೆಡ್ ಗುಮಾಸ್ತರು ಮಾಮೂಲಿನಂತೆ ಕಾಗದ ಎಳೆದುಕೊಂಡರು. "ಅಗತ್ಯವಾಗಿ ತಾಯಿ. ಯಾವ ಬಂಗಲೆ?"

"ಇದೇ."

"ಅದರಲ್ಲಿ ಯಾರಿದ್ದಾರೆ?"

"ನೀವು!"

ಹೆಡ್ ಗುಮಾಸ್ತರ ಕೈ ನಿಂತಿತು. ಆದರೆ ಬಾಯಿ ಅಷ್ಟು ವರ್ಷದ ರೂಢಿಯಲ್ಲಿ ತಾನೇ ಮಾತಾಡಿತು. "ತಂಟೆಕೋರರಾ?"

"ತಂಟೆಕೋರರೇ. ಯಾವಾಗ ಬಂದು ಕೇಳಿದ್ರೂ ವಿಚಾರ ಮಾಡ್ತೀವಿ ಅಂತಾರೆ."

"ವಿಚಾರ ಮಾಡ್ತೀವಿ ತಾಯಿ," ಅಂದರು ಹೆಡ್ ಗುಮಾಸ್ತರು.

ಆಕೆ ಸಿಟ್ಟಿನಿಂದ ಎದ್ದು ಹೋದವರು ಸೀದಾ ಬೊಂಬಾಯಿಗೆ ದೂರು ಬರೆದರು. ಬೊಂಬಾಯಿಯವರು ಬಂಗಲೆಯನ್ನು ಕಂಡವರಲ್ಲ. ನಮಗೆ ಬರೋ ಕಾಗದಗಳ ಮೇಲೆ ಅಂಚೆ ಪೆಟ್ಟಿಗೆಯ ನಂಬರು ಮಾತ್ರ ಇರುತ್ತಿತ್ತು. ದೂರಿನಲ್ಲಿದ್ದದ್ದು ಬಂಗಲೆಯ ಹೆಸರು. ಎರಡೂ ಒಂದೇ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ತಂತಿ ಬಂತು. ಆ ಬಂಗಲೆಯಲ್ಲಿ ಕೂತಿರೋರು ಯಾರೇ ಆಗಲಿ, ತಿಂಗಳೊಳಗೆ ಎಬ್ಬಿಸಿ. ಅಷ್ಟೂ ಕೈಲಾಗದಿದ್ದರೆ ಬೆಂಗಳೂರಿನ ಆಫೀಸೇ ನಮಗೆ ಬೇಡ.

ಮ್ಯಾನೇಜರು ತಂತಿ ಓದಿ ಹಣೆ ಹಿಡಿದುಕೊಂಡು ಕೂತರು. "ಇದ್ದ ವಿಷಯ ಬರೆದುಬಿಡೋಣ ಸಾರ್," ಅಂದೆ ನಾನು.

"ಬರೆದರೆ, ಇಷ್ಟು ದಿನ ಮಾಲೀಕರಿಗೆ ತೊಂದರೆ ಕೊಟ್ಟವರು ನೀವೇ ಏನು ಎಂದು ಕೇಳುತ್ತಾರೆ. ಮೊದಲು ಹೋಗುವುದು ನನ್ನ ಕೆಲಸ," ಅಂದರು. "ನನಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ." ಅವರಿಗೂ ನಮ್ಮ ಹಾಗೆ ರಾತ್ರಿ ನಿದ್ದೆ ಬರೋದಿಲ್ಲ ಅನ್ನೋದು ಅವತ್ತೇ ನಮಗೆ ಮೊದಲ ಸಲ ಹೊಳೆದದ್ದು. ಅಷ್ಟು ವರ್ಷ ಅವರ ಬೂಟಿಗೆ ಹೆದರಿದ್ದೆವಲ್ಲ, ಆ ಭಯವೆಲ್ಲ ಒಂದು ತರಹದ ಕನಿಕರವಾಯಿತು.

"ಎಬ್ಬಿಸದಿದ್ದರೆ ಕೆಲಸ ಹೋಗುತ್ತದೆ. ಎಬ್ಬಿಸಿದರೆ ಆಫೀಸು ಹೋಗುತ್ತದೆ. ಏನು ಮಾಡೋಣ?" ಅಂದರು ಮ್ಯಾನೇಜರು.

ಹೆಡ್ ಗುಮಾಸ್ತರು ಕ್ಷಣವೂ ಯೋಚಿಸಲಿಲ್ಲ. "ಆಫೀಸು ಹೋಗ್ಲಿ ಸಾರ್."

ಅವತ್ತೇ ಅವರು ನೋಟೀಸು ಬರೆದರು. ಟೈಪಿಸ್ಟು ಟೈಪು ಮಾಡಿದ. ಮ್ಯಾನೇಜರು ಓದಿ, "ಭಾಷೆ ಸ್ವಲ್ಪ ಕಟುವಾಯಿತಲ್ಲವೇ?" ಅಂದರು.

"ಇಂಥವರಿಗೆ ಹೀಗೇ ಬರೀಬೇಕು ಸಾರ್. ಮೆತ್ತಗೆ ಬರೆದರೆ ಅಲ್ಲಾಡೋದಿಲ್ಲ," ಅಂದರು ಹೆಡ್ ಗುಮಾಸ್ತರು. "ಇಲ್ಲಿ ಕೊಟ್ಟವರ ಸಹಿ ಮಾಡಿ. ಇಲ್ಲಿ ತಗೊಂಡವರ ಸಹಿ ಮಾಡಿ." ಮ್ಯಾನೇಜರು ಎರಡೂ ಕಡೆ ಸಹಿ ಮಾಡಿದರು. ಹೆಡ್ ಗುಮಾಸ್ತರು ಪದ್ಧತಿ ತಪ್ಪದೆ ಹೊರಗೆ ಹೋಗಿ, ಬಾಗಿಲು ಮುಚ್ಚಿ, ಅದರ ಮೇಲೆ ನೋಟೀಸು ಅಂಟಿಸಿ, ಬಾಗಿಲು ತಟ್ಟಿದರು. ತೆರೆಯೋಕೆ ನಾನೇ ಹೋಗಬೇಕಾಯಿತು. "ಮುಂದಿನ ವಾರದೊಳಗೆ ಜಾಗ ಬಿಡ್ಬೇಕು," ಅಂತ ನನ್ನನ್ನು ಗದರಿಸಿ, ಒಳಗೆ ಬಂದು ಕೂತರು.

ಮುಂದಿನ ವಾರ ನಮ್ಮ ಮೇಜು, ಕುರ್ಚಿ, ಟೈಪು ಮಿಷನ್ನು, ಬೀರು ಎಲ್ಲವನ್ನೂ ನಾವೇ ಹೊರಗೆ ಹೊತ್ತೆವು. ಹೋಗೋಕೆ ಬೇರೆ ಜಾಗ ಇನ್ನೂ ಸಿಕ್ಕಿರಲಿಲ್ಲ. ಕಾಂಪೌಂಡಿನ ಆಚೆ ರಸ್ತೆ ಬದಿಯ ಹೊಂಗೆ ಮರದ ಕೆಳಗೆ ಎಲ್ಲವನ್ನೂ ಮೊದಲಿನಂತೆಯೇ ಜೋಡಿಸಿಕೊಂಡು ಕೂತೆವು. ಆ ಹೆಂಗಸು ಮಗಳು ಮೊಮ್ಮಕ್ಕಳ ಜೊತೆ ಜಟಕಾದಲ್ಲಿ ಬಂದಿಳಿದರು. ನಮ್ಮನ್ನು ನೋಡಿ ಪಾಪ ಅನ್ನಿಸಿರಬೇಕು, ಎಲ್ಲರಿಗೂ ಮಜ್ಜಿಗೆ ಕಳಿಸಿದರು. ದಾರಿಯಲ್ಲಿ ಹೋಗುವವರು ಮರದ ಕೆಳಗೆ ಟೈಪಿಸ್ಟನ್ನು ಕಂಡು, ಅರ್ಜಿ ಬರೆಯೋರು ಅಂತ ತಿಳಿದು ಬಂದು ಕೂರುತ್ತಿದ್ದರು. ಅವರಲ್ಲೇ ಕೆಲವರು ಜಮೀನಿನ ಅಳತೆಗೂ ಕರೆದರು.

ಬೊಂಬಾಯಿಗೆ ತಂತಿ ಕೊಟ್ಟೆವು: ಬಂಗಲೆ ತೆರವಾಗಿದೆ, ಮಾಲೀಕರಿಗೆ ಬೀಗದ ಕೈ ಕೊಟ್ಟಿದ್ದೇವೆ. ಅದರಿಂದಲೇ ನಮ್ಮ ನಾಲ್ವರ ಕೆಲಸವೂ ಉಳಿಯಿತು ಅನ್ನಬೇಕು. ಆಮೇಲೆ ಆರ್.ಟಿ. ನಗರದ ಹೊಸ ಬಡಾವಣೆಯಲ್ಲಿ ಒಂದು ಮನೆಯ ಮುಂದಿನ ಕೋಣೆ ಸಿಕ್ಕಿತು, ನಾನು ಅಲ್ಲೇ ನಿವೃತ್ತಿಯಾಗೋವರೆಗೂ ದುಡಿದೆ. ಆದರೆ ಆ ಕೋಣೆ ಸಿಗೋಕೆ ತುಂಬಾ ತಡವಾಯಿತು. ಅದಕ್ಕೆ ಕಾರಣ ಬೊಂಬಾಯಿಯಿಂದ ಬಂದ ಉತ್ತರ.

ಅದನ್ನು ಮ್ಯಾನೇಜರು ಮರದ ಕೆಳಗೆ ನಿಂತು ನಮಗೆಲ್ಲ ಗಟ್ಟಿಯಾಗಿ ಓದಿ ಹೇಳಿದರು. ಇಷ್ಟು ಚುರುಕಾಗಿ ಯಾವ ಊರಿನ ಆಫೀಸೂ ಬಾಡಿಗೆದಾರರನ್ನು ಎಬ್ಬಿಸಿಲ್ಲ, ಬೆಂಗಳೂರಿನವರಿಗೆ ಅಭಿನಂದನೆ, ಇನ್ನು ಅಲ್ಲಿ ಯಾರನ್ನೂ ತೆಗೆಯೋ ಅಗತ್ಯವಿಲ್ಲ. ನಾವು ಒಬ್ಬರನ್ನೊಬ್ಬರು ತಬ್ಬಿಕೊಳ್ಳೋದೊಂದು ಬಾಕಿ. ಮ್ಯಾನೇಜರು ಪುಟ ತಿರುಗಿಸಿದರು. ಅವರ ಧ್ವನಿ ಇಳಿಯಿತು.

"ಆ ಬಂಗಲೆಯಿಂದ ಎಬ್ಬಿಸಲ್ಪಟ್ಟವರು ತೀರಾ ತಂಟೆಕೋರರೆಂದು ತಿಳಿದುಬಂದಿದೆ. ಅವರಿಗೆ ನಮ್ಮ ಕಂಪನಿಯ ಕೈಯಲ್ಲಿರುವ ಯಾವ ಕಟ್ಟಡವನ್ನೂ ಇನ್ನು ಮುಂದೆ ಬಾಡಿಗೆಗೆ ಕೊಡಕೂಡದು."

ಮೇಲಿಂದ ಹೊಂಗೆ ಹೂವು ಟೈಪು ಮಿಷನ್ನಿನ ಮೇಲೆ ಉದುರುತ್ತಿತ್ತು. ಹೆಡ್ ಗುಮಾಸ್ತರು ಟೋಪಿ ಸರಿಮಾಡಿಕೊಂಡು ಎದ್ದು ನಿಂತರು.

"ಸರಿಯಾದ ಅಪ್ಪಣೆ ಸಾರ್," ಅಂದರು. "ಅವರ ನಡತೆ ಮೊದಲಿಂದಲೂ ನನಗೆ ಹಿಡಿಸ್ತಿರಲಿಲ್ಲ."